ತ್ರಸರೇಣುವಿನ ತೂಕ

ಬೆಂಗಳೂರಿನ ಹಳಬರಿಗೆ ಆಸ್ತಿಪಾಸ್ತಿ ಇದ್ದರೂ ಇಲ್ಲದಿದ್ದರೂ ಹವಾ ಮಾತ್ರ ಇತ್ತು. ಮದರಾಸಿನ ಕಡೆಯಿಂದ ಬೆವರೊರೆಸಿಕೊಳ್ಳುತ್ತಾ ಬಂದ ನೆಂಟರು "ಏನು ತಂಪು ರೀ ನಿಮ್ಮೂರು!" ಎಂದರೆ, ಅದಕ್ಕೆ ನಾವೇ ಕಾರಣ ಎಂಬಂತೆ ಮುಗುಳ್ನಗುತ್ತಿದ್ದೆವು. ಈಗ ತಂಪೂ ಅಷ್ಟಕ್ಕಷ್ಟೆ. ಆದರೂ ನವೆಂಬರಿನಲ್ಲಿ ಟೀವಿಯವರು ದೆಹಲಿಯ ಮಬ್ಬನ್ನು ತೋರಿಸುವಾಗ, "ಪಾಪ, ಆ ಜನ ಹೇಗೆ ಬದುಕ್ತಾರೋ" ಎಂದು ಮರುಗುತ್ತಾ ಎರಡನೇ ಲೋಟ ಕಾಫಿ ಕುಡಿಯುವ ಸುಖವನ್ನು ಯಾರೂ ನಮ್ಮಿಂದ ಕಿತ್ತುಕೊಂಡಿರಲಿಲ್ಲ. ಕಿತ್ತುಕೊಂಡವನು ನನ್ನ ಅಣ್ಣನ ಮಗ. ಅವನಿಗೆ ಗುರುಗ್ರಾಮದಲ್ಲಿ ಕೆಲಸ. ದೀಪಾವಳಿಗೆ ಬಂದವನು, ಯಾರೂ ತಿನ್ನದ ಸೋನ್ ಪಾಪಡಿಯ ಜೊತೆಗೆ ಅಂಗೈ ಅಗಲದ ಬಿಳಿ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟ. "ಅತ್ತೆ, ಇದು ಗಾಳಿ ಅಳೆಯುತ್ತೆ. ಬೆಂಗಳೂರು ಬೆಂಗಳೂರು ಅಂತೀರಲ್ಲ, ನೀವೇ ನೋಡಿ."

ನೋಡುವ ಕೆಲಸವನ್ನು ನಮ್ಮನೆಯವರು ವಹಿಸಿಕೊಂಡರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರ ಕಣ್ಣ ಮುಂದೆ ಹರಿದಾಡುವ ಅಂಕಿಗಳು ಕಡಿಮೆಯಾಗಿ ಒಂದು ಬಗೆಯ ಖಾಲಿತನ ಇತ್ತು. ಡಬ್ಬಿಯನ್ನು ಫ್ರಿಜ್ಜಿನ ತಲೆಯ ಮೇಲೆ ಇಟ್ಟರು. ಅಲ್ಲಿದ್ದರೆ ಅವರ ಕುರ್ಚಿಗೆ ಚೆನ್ನಾಗಿ ಕಾಣುತ್ತದೆ. ಆದರೆ ಫ್ರಿಜ್ ಇರುವುದು ಅಡುಗೆಮನೆಯ ಬಾಗಿಲಿಗೆ ಎದುರಾಗಿ. ಹೀಗಾಗಿ ಬೆಂಗಳೂರಿನ ಗಾಳಿಯ ವಿಚಾರಣೆ ಅಂತ ಶುರುವಾದದ್ದು ನನ್ನ ಒಗ್ಗರಣೆಯ ವಿಚಾರಣೆಯಾಗಿ ಬದಲಾಯಿತು.

"ಏನೇ, ನೂರಾ ಎಪ್ಪತ್ತು!"

"ಒಗ್ಗರಣೆ ರೀ."

"ಕೆಂಪು ದೀಪ ಬಂದಿದೆ."

"ಮೆಣಸಿನಕಾಯೂ ಕೆಂಪೇ. ತಟ್ಟೆ ಹಾಕ್ಕೊಳಿ ಬನ್ನಿ."

ಮದುವೆಯಾದಂದಿನಿಂದ ನನ್ನ ಸಾರಿನ ಒಗ್ಗರಣೆಗೆ ಹೆಸರಿಡದವರು ಈಗ ಎಣ್ಣೆ ಕಾಯುವ ಹೊತ್ತಿಗೆ ಸರಿಯಾಗಿ ಕಿಟಕಿ ತೆಗೆಯಲು ಎದ್ದು ಬರತೊಡಗಿದರು. ನಾನು ಕೂದಲು ನರೆಯುವ ತನಕ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟವಳು. ನನ್ನ ಮೇಲೆ ಸಾಕ್ಷಿ ಹೇಳುವ ಯಂತ್ರದ ಹೊಟ್ಟೆಯೊಳಗೆ ಏನಿದೆ ಎಂದು ನೋಡದೆ ಬಿಡುವ ಪೈಕಿ ಅಲ್ಲ. ಅವರು ವಾಕಿಂಗ್ ಹೋದಾಗ ಹೊಲಿಗೆ ಮಿಷಿನ್ನಿನ ಸ್ಕ್ರೂಡ್ರೈವರ್ ತಂದು ಹಿಂದಿನ ಮುಚ್ಚಳ ಬಿಚ್ಚಿದೆ.

ಒಳಗೆ ಮುಖ್ಯವಾಗಿ ಕಾಣುವುದು ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಲೋಹದ ಇನ್ನೊಂದು ಡಬ್ಬಿ. ಅದರ ಒಂದು ಮೂಲೆಯಲ್ಲಿ ಎಂಟಾಣೆ ಅಗಲದ ಪುಟ್ಟ ಫ್ಯಾನು. ಕಿವಿ ಹತ್ತಿರ ತಂದರೆ ಗುಂಯ್ ಎನ್ನುತ್ತದೆ. ಅದು ಗಾಳಿಯನ್ನು ತೂತಿನಿಂದ ಒಳಗೆಳೆದು ಅಂಕುಡೊಂಕು ಓಣಿಯಲ್ಲಿ ಸಾಗಿಸುತ್ತದೆ. ಓಣಿಯ ಒಂದು ಕಡೆ ಲೇಸರ್ ಕಿರಣವೊಂದು ಅಡ್ಡ ಹಾಯುತ್ತದೆ. ಕಿರಣಕ್ಕೆ ನೇರ ಎದುರಾಗಿ ಅಲ್ಲ, ಪಕ್ಕಕ್ಕೆ, ತೊಂಬತ್ತು ಡಿಗ್ರಿ ಕೋನದಲ್ಲಿ ಒಂದು ಫೋಟೋಡಯೋಡ್ ಕೂತಿದೆ. ಎದುರಿಗೆ ಕೂತರೆ ಲೇಸರಿನ ಬೆಳಕೇ ಕಣ್ಣಿಗೆ ಹೊಡೆದು ಬೇರೇನೂ ಕಾಣದು. ಪಕ್ಕದಲ್ಲಿ ಕೂತರೆ ಪೂರ್ತಿ ಕತ್ತಲೆ, ಯಾವುದಾದರೂ ಕಣ ಕಿರಣಕ್ಕೆ ಅಡ್ಡ ಬರುವ ತನಕ. ಬಂದ ಕೂಡಲೇ ಅದರಿಂದ ಬೆಳಕು ಸುತ್ತ ಚದುರಿ ಡಯೋಡಿಗೆ ಒಂದು ಮಿನುಗು ಸಿಗುತ್ತದೆ. ಎಷ್ಟು ಮಿನುಗು, ಪ್ರತಿಯೊಂದೂ ಎಷ್ಟು ಪ್ರಖರ, ಇಷ್ಟೇ ಅದಕ್ಕೆ ಗೊತ್ತಾಗುವುದು. ಪಕ್ಕದ ಚಿಪ್ಪು ಅದನ್ನಿಟ್ಟುಕೊಂಡು ಕಣದ ಗಾತ್ರವನ್ನು ಅಂದಾಜು ಮಾಡುತ್ತದೆ. ಗೋಳಾಕಾರದ ಕಣ ಬೆಳಕನ್ನು ಯಾವ ದಿಕ್ಕಿಗೆ ಎಷ್ಟು ಚದುರಿಸುತ್ತದೆ ಎಂಬ ಲೆಕ್ಕವನ್ನು ಜರ್ಮನಿಯ ಗುಸ್ತಾವ್ ಮೀ 1908ರಲ್ಲೇ ಮಾಡಿಟ್ಟಿದ್ದಾನೆ. ಕಣಗಳು ಗೋಲಿಯಷ್ಟು ದುಂಡಗಿರುತ್ತವೆಯೇ ಎಂಬುದು ಬೇರೆ ಮಾತು.

ಮನೆಗೆ ಬಂದವರಿಗೆಲ್ಲ ನಮ್ಮನೆಯವರು "ಒಳಗಿರೋದು ನಮ್ಮ ಸಿ.ವಿ. ರಾಮನ್ನರ ಪರಿಣಾಮ" ಎಂದು ಹೇಳಿ ಕಳಿಸುತ್ತಿದ್ದರು. ರಾಮನ್ 1933ರಲ್ಲಿ ಈ ಊರಿಗೆ ಬಂದು ಇಲ್ಲೇ ನೆಲೆಸಿದ್ದರಿಂದ ಬೆಳಕು ಚದುರುವ ವ್ಯವಹಾರವೆಲ್ಲ ಬೆಂಗಳೂರಿನದೇ ಎಂಬ ಅಭಿಮಾನ. ಆದರೆ ಅವರು 1928ರಲ್ಲಿ ಕಲ್ಕತ್ತೆಯಲ್ಲಿ ಕಂಡದ್ದು ಚದುರುವಾಗ ಬಣ್ಣವನ್ನೇ ಬದಲಿಸಿಕೊಳ್ಳುವ ಬೆಳಕನ್ನು. ಅದು ಕೋಟಿಗೆ ಒಂದು ಎನ್ನುವಷ್ಟು ಅಪರೂಪ. ನಮ್ಮ ಡಬ್ಬಿಯೊಳಗಿನ ಬೆಳಕು ಬಂದ ಬಣ್ಣದಲ್ಲೇ ಹೋಗುತ್ತದೆ.

ಈ ಉಪಾಯ ಅಜ್ಜಿಮನೆಯಲ್ಲಿ ಬೆಳೆದವರಿಗೆ ಹೊಸದಲ್ಲ. ಹೆಂಚಿನ ಮನೆಯಲ್ಲಿ ನಡುಮಧ್ಯಾಹ್ನ ಗಾಜಿನ ಹೆಂಚಿನಿಂದ ಇಳಿಯುವ ಬಿಸಿಲಕೋಲು ನಿಮಗೂ ನೆನಪಿರಬಹುದು. ಕೋಲಿನ ಒಳಗೆ ಮಾತ್ರ ಧೂಳು ಕುಣಿಯುತ್ತಿರುತ್ತದೆ, ಅದರ ಆಚೆಗೆ ಗಾಳಿ ಶುಭ್ರ. ಮನುಸ್ಮೃತಿಯವರು ಕೂಡ ಇದನ್ನು ಬಿಟ್ಟಿಲ್ಲ. ಜಾಲಂಧ್ರದ ಬಿಸಿಲಿನಲ್ಲಿ ಕಾಣುವ ಆ ಕಣಕ್ಕೆ ತ್ರಸರೇಣು ಎಂದು ಹೆಸರಿಟ್ಟು ತೂಕದ ಮೊದಲ ಮಾನ ಅದೇ ಎಂದರು. ಎಂಟು ತ್ರಸರೇಣುವಿಗೆ ಒಂದು ಲಿಕ್ಷೆ, ಅಂದರೆ ಹೇನಿನ ಸೀರು. ಮೂರು ಲಿಕ್ಷೆಗೆ ಒಂದು ಕರಿಸಾಸಿವೆ. ಒಟ್ಟಿನಲ್ಲಿ ಇಪ್ಪತ್ತನಾಲ್ಕು ಬಿಸಿಲಧೂಳು ಸೇರಿದರೆ ಒಂದು ಸಾಸಿವೆಕಾಳು.

ಒಗ್ಗರಣೆ ಡಬ್ಬಿ ಪಕ್ಕದಲ್ಲೇ ಇತ್ತು, ಲೆಕ್ಕ ಹಾಕಿದೆ. ಸಾಸಿವೆಕಾಳೊಂದು ಸುಮಾರು ಎರಡೂವರೆ ಮಿಲಿಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳಿ. ಹಾಗಾದರೆ ಒಂದು ತ್ರಸರೇಣು ನೂರು ಮೈಕ್ರೋಗ್ರಾಂ ತೂಗಬೇಕು. ನಮ್ಮ ದೇಶದ 2009ರ ಮಾನದಂಡದ ಪ್ರಕಾರ ಒಂದು ಘನ ಮೀಟರ್ ಗಾಳಿಯಲ್ಲಿ ಪಿಎಂ 2.5, ಅಂದರೆ ಎರಡೂವರೆ ಮೈಕ್ರಾನಿಗೂ ಸಣ್ಣ ಕಣ, 24 ಗಂಟೆಯ ಸರಾಸರಿಯಲ್ಲಿ 60 ಮೈಕ್ರೋಗ್ರಾಂ ಮೀರಬಾರದು. ಮನುವಿನ ತೂಕ ನಿಜವಾಗಿದ್ದರೆ ಬಿಸಿಲಿಗೆ ಒಂದೇ ಒಂದು ಕಣ ಹಾರಿ ಬಂದರೂ ಮಿತಿ ದಾಟಿತು, ಫ್ರಿಜ್ಜಿನ ಮೇಲೆ ಕೆಂಪು ದೀಪ! ನಿಜವಾದ ಬಿಸಿಲಧೂಳು ಅದರ ಸಾವಿರದಲ್ಲೊಂದು ಪಾಲು ತೂಗಿದರೆ ಹೆಚ್ಚು. ಮನುವಿನ ಮೇಲೆ ಬೇರೆ ಎಷ್ಟೋ ತಕರಾರುಗಳಿರುವ ನಾನು ಈ ಒಂದು ವಿಷಯದಲ್ಲಿ ಅವನನ್ನು ಕ್ಷಮಿಸುತ್ತೇನೆ. ಯಾಕೆಂದರೆ ಬೆಳಕಿನಲ್ಲಿ ಕಂಡದ್ದಕ್ಕೆ ತೂಕ ಹೇಳುವ ಸಾಹಸವನ್ನು ಈ ಬಿಳಿ ಡಬ್ಬಿಯೂ ಬಿಟ್ಟಿಲ್ಲ.

ನೋಡಿ, ತಕ್ಕಡಿ ಅದರೊಳಗೆ ಇಲ್ಲವೇ ಇಲ್ಲ. ಮಿನುಗು ಎಣಿಸುತ್ತದೆ, ಮೈಕ್ರೋಗ್ರಾಂ ಬರೆಯುತ್ತದೆ. ನಡುವೆ ಇರುವುದೆಲ್ಲ ಊಹೆ. ಕಣದ ಸಾಂದ್ರತೆ ಇಷ್ಟಿರಬಹುದು, ಬೆಳಕನ್ನು ಹೀಗೆ ಬಾಗಿಸಬಹುದು, ದೊಡ್ಡವು ಇಷ್ಟು ಸಣ್ಣವು ಇಷ್ಟು ಇರಬಹುದು. ಕೆಲವು ಅಗ್ಗದ ಸೆನ್ಸರುಗಳಿಗೆ ಕಾರ್ಖಾನೆಯಲ್ಲಿ ಸಿಗರೇಟಿನ ಹೊಗೆಯಲ್ಲೇ ಅಕ್ಷರಾಭ್ಯಾಸ. ಆಮೇಲೆ ಅವು ರಸ್ತೆ ಧೂಳನ್ನೂ ಮೆಣಸಿನಕಾಯಿ ಘಾಟನ್ನೂ ಸಿಗರೇಟಿನ ಲೆಕ್ಕದಲ್ಲೇ ಓದುತ್ತವೆ. ಗಾತ್ರದ ವಿಷಯದಲ್ಲೂ ಪಕ್ಷಪಾತ ಉಂಟು. ಸುಮಾರು 0.3 ಮೈಕ್ರಾನಿಗಿಂತ ಸಣ್ಣ ಕಣ ಚದುರಿಸುವ ಬೆಳಕು ಎಷ್ಟು ಕ್ಷೀಣವೆಂದರೆ ಡಯೋಡಿಗೆ ಅದು ಬಂದದ್ದೇ ತಿಳಿಯುವುದಿಲ್ಲ. ಬಸ್ಸಿನ ಕೊಳವೆಯಿಂದ ಆಗತಾನೇ ಹೊರಟ ಮಸಿಕಣಗಳಲ್ಲಿ ಬಹುಪಾಲು ಈ ಜಾತಿಯವು. ಅವು ಡಬ್ಬಿಯ ಮೂಗಿನಡಿಯೇ ಪಾರಾಗುತ್ತವೆ. ಇನ್ನು ಹತ್ತು ಮೈಕ್ರಾನಿನ ದಪ್ಪ ಧೂಳು ಆ ಅಂಕುಡೊಂಕು ಓಣಿಯಲ್ಲಿ ತಿರುಗಲಾರದೆ ಗೋಡೆಗೆ ಬಡಿದು ಕೂರುತ್ತದೆ. ತೂಕದಲ್ಲಿ ಅಂಥದೊಂದು ಎರಡೂವರೆ ಮೈಕ್ರಾನಿನ ಅರವತ್ತನಾಲ್ಕು ಕಣಗಳಿಗೆ ಸಮ. ಆದ್ದರಿಂದ ಡಬ್ಬಿ ಹೇಳುವ ಪಿಎಂ 10ನ್ನು ನಾನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಬಸ್ಸಿನ ಹೊಗೆ ಸಣ್ಣದೆಂದು ಬಚಾವು, ಮೆಟ್ರೋ ಕಾಮಗಾರಿಯ ಧೂಳು ದೊಡ್ಡದೆಂದು ಬಚಾವು. ನಡುವೆ ಸಿಕ್ಕಿಬೀಳುವುದು ನನ್ನ ಒಗ್ಗರಣೆ.

ಒಗ್ಗರಣೆ ನಿರಪರಾಧಿ ಎಂದು ನಾನೇನೂ ಹೇಳುತ್ತಿಲ್ಲ. ಕಾದ ಎಣ್ಣೆಯಿಂದ ಏಳುವ ಹಬೆ ಅತಿಸೂಕ್ಷ್ಮ ಹನಿಗಳಾಗಿ ನಿಜವಾಗಿಯೂ ಶ್ವಾಸಕೋಶಕ್ಕೆ ಇಳಿಯುತ್ತದೆ. ಚಿಮಣಿ ಹಾಕಿಸಿ ಎಂದು ನಾನು ಕೇಳುತ್ತಿದ್ದುದೂ ಅದಕ್ಕೇ. ನ್ಯಾಯ ಎಲ್ಲರಿಗೂ ಒಂದೇ ಇರಲಿ ಎಂಬುದಷ್ಟೇ ವಾದ.

ಇದಕ್ಕಿಂತ ದೊಡ್ಡ ಎಡವಟ್ಟು ಡಿಸೆಂಬರಿನ ಮುಂಜಾನೆಯದು. ಗಾಳಿಯ ತೇವ ಎಂಬತ್ತು ತೊಂಬತ್ತು ಪರ್ಸೆಂಟಿಗೆ ಏರಿದಾಗ ಉಪ್ಪಿನಂಶದ ಕಣಗಳು ನೀರು ಕುಡಿದು ಉಬ್ಬುತ್ತವೆ. ಉಬ್ಬಿದ್ದು ಹೆಚ್ಚು ಮಿನುಗುತ್ತದೆ, ಡಬ್ಬಿಗೆ ನೀರು ಯಾವುದು ಮಾಲಿನ್ಯ ಯಾವುದು ಗೊತ್ತಿಲ್ಲ. ಮಂಜಿನ ಹನಿಯನ್ನೂ ಅದು ಧೂಳೆಂದೇ ಎಣಿಸುತ್ತದೆ. ಹೆಬ್ಬಾಳ ಕೆರೆಯ ಮೇಲೆ ಮಂಜು ಮಲಗಿದ್ದ ಒಂದು ಬೆಳಿಗ್ಗೆ ನಮ್ಮನೆಯವರು ಡಬ್ಬಿಯನ್ನು ಬಾಲ್ಕನಿಗೆ ಒಯ್ದು ನೋಡಿ, ಮಂಕಿಟೋಪಿಯ ಮೇಲೆ ಮಾಸ್ಕನ್ನೂ ಏರಿಸಿ, ವಾಕಿಂಗ್ ರದ್ದು ಮಾಡಿದರು. ರದ್ದಾಗಲು ಮಾಲಿನ್ಯವೇ ಕಾರಣವೋ ಚಳಿಯೋ ಎಂದು ನಾನು ಕೆದಕಲಿಲ್ಲ.

ನಿಜವಾಗಿ ತೂಗುವವರೂ ಇದ್ದಾರೆ. ಅವರ ತಾಳ್ಮೆ ಕಂಡರೆ ಕೈ ಮುಗಿಯಬೇಕು. ಪಂಪು ನಿಮಿಷಕ್ಕೆ 16.67 ಲೀಟರಿನಂತೆ ಗಾಳಿ ಎಳೆಯುತ್ತದೆ. ದಪ್ಪ ಕಣಗಳನ್ನು ಬಾಗಿಲಲ್ಲೇ ತಡೆದು, ಉಳಿದದ್ದನ್ನು ಬಿಲ್ಲೆಯಂಥ ಫಿಲ್ಟರಿನ ಮೇಲೆ ಕೂರಿಸುತ್ತಾರೆ. ಇಪ್ಪತ್ತನಾಲ್ಕು ಗಂಟೆ ನಡೆದರೆ ಇಪ್ಪತ್ತನಾಲ್ಕು ಘನ ಮೀಟರ್ ಗಾಳಿ. ಆ ಫಿಲ್ಟರನ್ನು ಹದವಾದ ಉಷ್ಣ, ಹದವಾದ ತೇವದ ಕೋಣೆಯಲ್ಲಿ ಆರಾಮಕ್ಕೆ ಬಿಟ್ಟು, ಮೈಕ್ರೋಗ್ರಾಂ ತಕ್ಕಡಿಯಲ್ಲಿ ತೂಗಿ, ಖಾಲಿ ಇದ್ದಾಗಿನ ತೂಕ ಕಳೆಯುತ್ತಾರೆ. ದೇಶದ ಮಿತಿಗೆ ಸರಿಯಾಗಿ ಇದ್ದ ದಿನ ಇಷ್ಟೆಲ್ಲ ಪಾಡುಪಟ್ಟು ಸಿಗುವುದು ಒಂದೂವರೆ ಮಿಲಿಗ್ರಾಂ. ಮತ್ತೆ ಸಾಸಿವೆಗೇ ಬಂದೆವು, ಒಂದು ಪೂರ್ತಿ ಕಾಳೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ದಿನದ ಮಿತಿಯನ್ನು 15ಕ್ಕೆ ಇಳಿಸಿದ್ದರಿಂದ ಅವರ ಲೆಕ್ಕದ ಒಳ್ಳೆಯ ದಿನ ಸಾಸಿವೆಯ ಚೂರು.

ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಪೀಣ್ಯ, ಸಿಲ್ಕ್ ಬೋರ್ಡ್, ಜಯನಗರ ಐದನೇ ಬ್ಲಾಕು ಅಂತ ಅಲ್ಲಲ್ಲಿ ನಿಲ್ಲಿಸಿರುವ ತಂತಾನೇ ಅಳೆಯುವ ಕೇಂದ್ರಗಳಿಗೆ ಒಂದು ದಿನ ಕಾಯುವ ಪುರುಸೊತ್ತಿಲ್ಲ. ಇಂಥ ಕೇಂದ್ರಗಳಲ್ಲಿ ಕಣ ಅಳೆಯಲು ಹೆಚ್ಚಾಗಿ ಬಳಕೆಯಲ್ಲಿರುವುದು ಬೀಟಾ ಕಿರಣದ ಯಂತ್ರ. ಕಾಗದದಂಥ ಪಟ್ಟಿಯ ಮೇಲೆ ಕಣಗಳು ಕೂರುತ್ತವೆ. ಪಟ್ಟಿಯ ಒಂದು ಬದಿಯಿಂದ ಕಾರ್ಬನ್-14 ಎಲೆಕ್ಟ್ರಾನುಗಳನ್ನು ಹಾಯಿಸುತ್ತದೆ, ಇನ್ನೊಂದು ಬದಿಗೆ ಎಷ್ಟು ತಲುಪಿದವು ಎಂದು ಎಣಿಸುತ್ತಾರೆ. ಕೂತ ರಾಶಿ ಹೆಚ್ಚಿದಷ್ಟೂ ತಲುಪುವವು ಕಡಿಮೆ. ಗಂಟೆಗೊಮ್ಮೆ ಪಟ್ಟಿ ಮುಂದೆ ಸರಿಯುತ್ತದೆ. ಒಳಬರುವ ಗಾಳಿಯನ್ನು ಮೊದಲೇ ಬೆಚ್ಚಗೆ ಮಾಡುವುದರಿಂದ ಮಂಜಿನ ಹನಿಯ ಆಟವೂ ಅಲ್ಲಿ ನಡೆಯುವುದಿಲ್ಲ.

ಜಯನಗರದ ಅಂಕಿಯನ್ನೂ ಫ್ರಿಜ್ಜಿನ ಅಂಕಿಯನ್ನೂ ಪಕ್ಕಪಕ್ಕ ಬರೆದು ನಮ್ಮನೆಯವರು ಲೆಡ್ಜರ್ ಶುರುಮಾಡಿದರು. ತಾಳೆಯೇ ಆಗಲಿಲ್ಲ. ಆಮೇಲೆ ತಿಳಿದದ್ದು, ಡಬ್ಬಿ ಅಮೆರಿಕದ ಸೂಚ್ಯಂಕ ತೋರಿಸುತ್ತಿತ್ತು. ಅದೇ 60 ಮೈಕ್ರೋಗ್ರಾಂ ನಮ್ಮ ಸರ್ಕಾರದ ಸೂಚ್ಯಂಕದಲ್ಲಿ 100, ಷರಾ "ತೃಪ್ತಿಕರ". ಅಮೆರಿಕದ ಲೆಕ್ಕದಲ್ಲಿ 150 ದಾಟಿ "ಅನಾರೋಗ್ಯಕರ". ಸೆಟ್ಟಿಂಗ್ ಬದಲಾಯಿಸಿದ ಕೂಡಲೇ ನನ್ನ ಅಡುಗೆಮನೆಯ ಚಾರಿತ್ರ್ಯ ತಕ್ಕಮಟ್ಟಿಗೆ ಸುಧಾರಿಸಿತು.

ಕಣದ ಕಥೆ ಇಷ್ಟಾಯಿತು. ಅನಿಲಗಳದು ಇನ್ನೊಂದು ಲೋಕ, ಅಲ್ಲಿ ಮಿನುಗಿಸಲು ಏನೂ ಇಲ್ಲ. ಡಬ್ಬಿಯಲ್ಲಿ ಚಿನ್ನದ ಲೇಪ ಹೊಳೆಯುವ ಒಂದು ಪುಟ್ಟ ಕೊಳವೆ ಕಂಡಿತ್ತು. ಇಂಗಾಲದ ಡೈಆಕ್ಸೈಡ್ ಅಳೆಯುವುದು ಅದೇ. ಒಂದು ತುದಿಯಲ್ಲಿ ಅವಕೆಂಪು ದೀಪ, ಇನ್ನೊಂದು ತುದಿಯಲ್ಲಿ 4.26 ಮೈಕ್ರಾನಿನ ಅಲೆಯನ್ನಷ್ಟೇ ಬಿಡುವ ಸೋಸುಗಾಜು. ಆ ಅಲೆ ಡೈಆಕ್ಸೈಡಿನ ಅಣುವಿಗೆ ಪ್ರಿಯ, ಸಿಕ್ಕಿದರೆ ನುಂಗಿ ನಡುಗುತ್ತದೆ. ನೈಟ್ರೋಜನ್, ಆಕ್ಸಿಜನ್ನಿಗೆ ಅದರ ಗೊಡವೆಯಿಲ್ಲ. ಆಚೆ ತುದಿಗೆ ಬೆಳಕು ಎಷ್ಟು ಕಡಿಮೆ ತಲುಪಿತೋ ಅನಿಲ ಅಷ್ಟು ಹೆಚ್ಚು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜಾನ್ ಟಿಂಡಲ್ ಇದನ್ನು 1859ರಲ್ಲಿ ಹಿತ್ತಾಳೆಯ ಕೊಳವೆ ಇಟ್ಟು ತೋರಿಸಿದ. ಅದಕ್ಕೂ ಮೂರು ವರ್ಷ ಮೊದಲು ಅಮೆರಿಕದ ಯೂನಿಸ್ ಫೂಟ್ ಎಂಬಾಕೆ ಗಾಜಿನ ಕೊಳವೆ, ಥರ್ಮಾಮೀಟರು ಇಟ್ಟುಕೊಂಡು ಬಿಸಿಲಿನಲ್ಲಿ ಈ ಅನಿಲ ಹೆಚ್ಚು ಕಾಯುತ್ತದೆ ಎಂದು ಬರೆದಿದ್ದಳು. ಆಕೆಯ ಪ್ರಬಂಧವನ್ನು ಸಭೆಯಲ್ಲಿ ಓದಿದ್ದು ಒಬ್ಬ ಗಂಡಸು. ನಾನು ಪಾಠ ಮಾಡುವಾಗ ಪುಸ್ತಕದಲ್ಲಿ ಟಿಂಡಲ್ ಮಾತ್ರ ಇದ್ದ.

ಟಿಂಡಲನ ಇನ್ನೊಂದು ಪ್ರಯೋಗ ನನಗೆ ಇನ್ನೂ ಇಷ್ಟ. 1870ರ ಹೊತ್ತಿಗೆ ಅವನೂ ಕತ್ತಲೆಕೋಣೆಯಲ್ಲಿ ಬೆಳಕಿನ ಕೋಲು ಹಾಯಿಸಿ ಧೂಳು ನೋಡುತ್ತಿದ್ದ. ಕೋಲಿನ ಕೆಳಗೆ ಸ್ಪಿರಿಟ್ ದೀಪ ಹಿಡಿದಾಗ ಬೆಳಕಿನೊಳಗೆ ಕಪ್ಪು ಹೊಗೆ ಸುರುಳಿ ಸುರುಳಿಯಾಗಿ ಎದ್ದಿತು. ನೋಡಿದರೆ ಅದು ಹೊಗೆಯೇ ಅಲ್ಲ! ಧೂಳು ಸುಟ್ಟುಹೋಗಿ ಉಳಿದ ಶುದ್ಧ ಗಾಳಿ. ಚದುರಿಸಲು ಏನೂ ಇಲ್ಲದ್ದರಿಂದ ಕಪ್ಪಗೆ ಕಂಡಿತು.

ಡೈಆಕ್ಸೈಡಿನ ಅಂಕಿ ನಮ್ಮ ಮನೆಯಲ್ಲಿ ಏರುವುದಕ್ಕೆ ಸೊಳ್ಳೆ ಕಾರಣ. ಸಂಧ್ಯಾವಂದನೆ ಬಿಟ್ಟವರೂ ಸಂಜೆ ಐದೂವರೆಗೆ ಕಿಟಕಿ ಮುಚ್ಚುವುದನ್ನು ಈ ಊರಿನಲ್ಲಿ ಬಿಟ್ಟಿಲ್ಲ. ಹೊರಗೆ ದಶಲಕ್ಷಕ್ಕೆ 420ರ ಸುಮಾರಿಗೆ ಇರುವ ಅನಿಲ, ಬಾಗಿಲು ಹಾಕಿ ಮಲಗಿದ ಕೋಣೆಯಲ್ಲಿ ಬೆಳಗಾಗುವುದರೊಳಗೆ ಎರಡು ಸಾವಿರ ಮುಟ್ಟುತ್ತದೆ. ನಾವು ಬಿಡುವ ಉಸಿರಿನಲ್ಲೇ ಅದು ನಲವತ್ತು ಸಾವಿರ. ಇಲ್ಲೂ ಒಂದು ಚಮತ್ಕಾರ ಇದೆ. ಇಂಥ ಸೆನ್ಸರುಗಳ ದೀಪ ಕಾಲಕ್ರಮದಲ್ಲಿ ಮಂಕಾಗುವುದರಿಂದ ಅವು ತಮ್ಮನ್ನು ತಾವೇ ತಿದ್ದಿಕೊಳ್ಳುತ್ತವೆ. ಹೇಗೆಂದರೆ, ವಾರದಲ್ಲಿ ಕಂಡ ಅತಿ ಕಡಿಮೆ ಅಂಕಿ ಯಾವುದೋ ಅದು ಹೊರಗಿನ ಶುದ್ಧ ಗಾಳಿಯೇ ಇರಬೇಕು, ಅದನ್ನು 400 ಎಂದು ಕರೆದುಬಿಡು ಎಂಬುದು ಒಳಗಿನ ಸೂತ್ರ. ಲ್ಯಾಬಿನಲ್ಲಿ ನಮ್ಮ ಮಕ್ಕಳು ಲೋಲಕ ಆಡಿಸುವ ಮೊದಲೇ ಉತ್ತರ 980 ಎಂದು ಬರೆದಿಟ್ಟುಕೊಂಡು ರೀಡಿಂಗುಗಳನ್ನು ಅದಕ್ಕೆ ಹೊಂದಿಸುತ್ತಿದ್ದ ಹಾಗೆ. ಕಿಟಕಿಯನ್ನೇ ತೆಗೆಯದ ಮನೆಯಲ್ಲಿ ಈ ಸೆನ್ಸರು ಹಳಸಿದ ಗಾಳಿಯನ್ನೇ ಅಮೃತವೆಂದು ನಂಬಿ ದಿನದಿನಕ್ಕೆ ಸಂತುಷ್ಟವಾಗುತ್ತಾ ಹೋಗುತ್ತದೆ. ಹೊಸ ಮಾದರಿಯವು ಕೆಲವು ಬೆಳಕನ್ನು ನೋಡುವುದರ ಬದಲು ಅನಿಲವನ್ನು ಕೇಳಿಸಿಕೊಳ್ಳುತ್ತವೆ. ಅವಕೆಂಪು ಬೆಳಕನ್ನು ಮಿಟುಕಿಸಿದರೆ ಅನಿಲ ಕಾದು ಹಿಗ್ಗಿ, ಆರಿ ಕುಗ್ಗಿ, ಸಣ್ಣಗೆ ಗುನುಗುತ್ತದೆ. ಆ ಗುನುಗಿಗೆ ಒಂದು ಮೈಕು. ಬೆಳಕಿನಿಂದ ಸದ್ದು ಹುಟ್ಟುವ ಈ ಸಂಗತಿ 1880ರಲ್ಲಿ ಟೆಲಿಫೋನಿನ ಗ್ರಹಾಂ ಬೆಲ್ಲನ ಕಿವಿಗೆ ಬಿದ್ದಿತ್ತು.

ಉಳಿದದ್ದು ಟಿವಿಒಸಿ ಎಂಬ ಅಂಕಿ. ಸುಲಭವಾಗಿ ಆವಿಯಾಗುವ ಸಾವಯವ ವಸ್ತುಗಳೆಲ್ಲದರ ಒಟ್ಟು ಮೊತ್ತ ಎಂದು ಹೆಸರು. ಕೆಲಸ ಮಾಡುವುದು ಎಳ್ಳಿನಷ್ಟು ತವರದ ಆಕ್ಸೈಡು. ಅದನ್ನು ಮುನ್ನೂರು ಡಿಗ್ರಿಯ ಸುಮಾರಿಗೆ ಕಾಯಿಸಿಟ್ಟಿರುತ್ತಾರೆ. ಕಾದ ಮೈಗೆ ಗಾಳಿಯ ಆಕ್ಸಿಜನ್ ಅಂಟಿಕೊಂಡು ಎಲೆಕ್ಟ್ರಾನುಗಳನ್ನು ಹಿಡಿದಿಡುತ್ತದೆ, ವಿದ್ಯುತ್ತು ಹರಿಯಲು ತಿಣುಕುತ್ತದೆ. ಮದ್ಯಸಾರವೋ ಅಡುಗೆ ಅನಿಲವೋ ಬಂದು ಆ ಆಕ್ಸಿಜನ್ನಿನ ಜೊತೆ ಉರಿದುಹೋದರೆ ಎಲೆಕ್ಟ್ರಾನುಗಳಿಗೆ ಬಿಡುಗಡೆ, ರೋಧ ಕುಸಿಯುತ್ತದೆ. ಜಪಾನಿನ ನವೋಯೋಶಿ ತಗುಚಿ 1960ರ ದಶಕದಲ್ಲಿ ಇದನ್ನು ಮನೆಮನೆಯ ಗ್ಯಾಸ್ ಸೋರಿಕೆಯ ಅಲಾರಮ್ಮಿಗೆ ಇಳಿಸಿದ. ಅಲಾರಮ್ಮಿಗೆ ಇದು ಉತ್ತಮ, ಏನೋ ಬಂದಿದೆ ಎಂದು ಕೂಗಿದರೆ ಸಾಕು. ಆದರೆ ಬಂದದ್ದು ಏನು ಎಂದು ಹೇಳುವುದು ಇದರ ಹಣೆಯಲ್ಲಿ ಬರೆದಿಲ್ಲ.

ಒಂದು ರಾತ್ರಿ ನಮ್ಮನೆಯವರು ನೀರು ಕುಡಿಯಲು ಎದ್ದವರು ನನ್ನನ್ನು ಅಲ್ಲಾಡಿಸಿ ಎಬ್ಬಿಸಿದರು. ಡಬ್ಬಿಯ ಟಿವಿಒಸಿ ಕೆಂಪು. ಗ್ಯಾಸ್ ಸೋರುತ್ತಿದೆ ಎಂದು ಸಿಲಿಂಡರ್ ಆರಿಸಿ, ಕಿಟಕಿಗಳನ್ನೆಲ್ಲ ತೆಗೆದು, ಸೊಳ್ಳೆಗಳಿಗೆ ಮಹಾದ್ವಾರ ಮಾಡಿಕೊಟ್ಟಿದ್ದರು. ನಾನು ಮೂಗೆಳೆದು ನೋಡಿದೆ. ಅಡುಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ ಎಂದೇ ಅದಕ್ಕೆ ಮರ್ಕ್ಯಾಪ್ಟನ್ ಎಂಬ ಗಬ್ಬು ಬೆರೆಸಿರುತ್ತಾರೆ, ನೂರು ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಮನುಷ್ಯನ ಮೂಗು ಬಿಡುವುದಿಲ್ಲ. ಅದರ ಸುಳಿವೇ ಇರಲಿಲ್ಲ. ಫ್ರಿಜ್ಜಿನ ಪಕ್ಕದ ಕಟ್ಟೆಯ ಮೇಲೆ ಬೆಳಿಗ್ಗೆಗೆಂದು ರುಬ್ಬಿಟ್ಟ ದೋಸೆಹಿಟ್ಟು ಮುಚ್ಚಳ ತಳ್ಳಿಕೊಂಡು ಉಬ್ಬಿ ಬಂದಿತ್ತು. ಹುದುಗುವ ಹಿಟ್ಟು ತುಸು ಮದ್ಯಸಾರ ಬಿಡುತ್ತದೆ, ತವರದ ಆಕ್ಸೈಡಿಗೆ ಅದೆಂದರೆ ಪ್ರಾಣ.

"ಹಿಟ್ಟು ರೀ. ಹುಳಿ ಬಂದಿದೆ."

"ಎಷ್ಟು ಬಂದಿದೆ ಅಂತ ಇದರಲ್ಲಿ ನೋಡಬಹುದಲ್ಲ?"

ಆ ಪ್ರಶ್ನೆಯನ್ನು ನಾನು ತಳ್ಳಿಹಾಕಲಿಲ್ಲ. ಅದು ಹೇಳುವ ಅಂಕಿ ಸುಳ್ಳಾದರೂ ಏರಿಳಿತ ಸುಳ್ಳಲ್ಲ. ಈ ಹೊತ್ತಿಗೂ ಆ ಹೊತ್ತಿಗೂ ಏನು ವ್ಯತ್ಯಾಸ ಎಂದು ಕೇಳಿದರೆ ಡಬ್ಬಿ ಪ್ರಾಮಾಣಿಕವಾಗಿ ಹೇಳುತ್ತದೆ, ಎಷ್ಟಿದೆ ಎಂದು ಕೇಳಿದರೆ ಬಡಾಯಿ ಕೊಚ್ಚುತ್ತದೆ. ಪ್ರಾಕ್ಟಿಕಲ್ ಪುಸ್ತಕದಲ್ಲಿ ಮಕ್ಕಳು ಹೆಚ್ಚೂಕಡಿಮೆ ಎಷ್ಟೆಂದು ನಮೂದಿಸದೆ ಬರೀ ಅಂಕಿ ಬರೆದರೆ ನಾನು ಅರ್ಧ ಮಾರ್ಕು ಕಡಿಯುತ್ತಿದ್ದೆ. ಈ ಪರದೆಯ ಮೇಲೆ ಅಂಥ ಬರವಣಿಗೆಗೆ ಜಾಗವನ್ನೇ ಬಿಟ್ಟಿಲ್ಲ.

ಕಾರ್ಬನ್ ಮಾನಾಕ್ಸೈಡು, ಓಜೋನು ಅಳೆಯುವ ಎಲೆಕ್ಟ್ರೋಕೆಮಿಕಲ್ ಸೆನ್ಸರು ನಮ್ಮ ಡಬ್ಬಿಯಲ್ಲಿಲ್ಲ. ಅದರೊಳಗೆ ಆಮ್ಲ, ಎಲೆಕ್ಟ್ರೋಡು, ಅನಿಲ ನುಸುಳುವ ಪೊರೆ. ಅನಿಲ ಬಂದು ರಾಸಾಯನಿಕ ಕ್ರಿಯೆ ನಡೆದಷ್ಟು ಸೂಕ್ಷ್ಮ ವಿದ್ಯುತ್ತು. ಎರಡು ಮೂರು ವರ್ಷಕ್ಕೆ ಮುಪ್ಪು ಬರುತ್ತದೆ. ನೈಟ್ರೋಜನ್ ಡೈಆಕ್ಸೈಡಿಗೂ ಓಜೋನಿಗೂ ವ್ಯತ್ಯಾಸ ತಿಳಿಯದೆ ಎರಡಕ್ಕೂ ತಲೆಯಾಡಿಸುವ ಸ್ವಭಾವ ಬೇರೆ. ಆದರೂ ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ಮಾನಾಕ್ಸೈಡಿನ ಸುಳಿವು ಕೊಡಲು ಪಂಜರದಲ್ಲಿ ಇಳಿಯುತ್ತಿದ್ದ ಕ್ಯಾನರಿ ಹಕ್ಕಿಗಳಿಗೆ 1986ರಲ್ಲಿ ನಿವೃತ್ತಿ ಸಿಕ್ಕಿದ್ದು ಇಂಥ ಉಪಕರಣಗಳಿಂದಲೇ. ಅಷ್ಟು ಪುಣ್ಯ ಅದರ ಖಾತೆಗೆ ಇರಲಿ.

ಆಯುಧಪೂಜೆಯ ದಿನ ನಮ್ಮನೆಯವರು ಸ್ಕೂಟರು, ಮಿಕ್ಸಿ, ಈಳಿಗೆಮಣೆ, ನನ್ನ ಸ್ಕ್ರೂಡ್ರೈವರುಗಳ ಸಾಲಿನಲ್ಲಿ ಡಬ್ಬಿಯನ್ನೂ ಕೂರಿಸಿದರು. ಗಾಳಿ ಹೋಗುವ ತೂತು ಬಿಟ್ಟು ಕುಂಕುಮ ಇಡಿ ಎಂದೆ, ಇಟ್ಟರು. ಮೇಲೊಂದು ಸೇವಂತಿಗೆ. ಊದುಬತ್ತಿಯ ಹೊಗೆಯ ಕಣ ಲೇಸರಿನ ಕಣ್ಣಿಗೆ ಹೇಳಿಮಾಡಿಸಿದ ಗಾತ್ರದ್ದು, ಸಾಲದ್ದಕ್ಕೆ ಸಾಂಬ್ರಾಣಿಯೂ ಸೇರಿತು. ಕರ್ಪೂರದ ಆರತಿ ಎತ್ತುವ ಹೊತ್ತಿಗೆ ಪರದೆಯಲ್ಲಿ 999 ಬಂದು ನಿಂತಿತು. ಅದಕ್ಕೆ ಬರೆಯಲು ಬರುವ ಕೊನೆಯ ಅಂಕಿ ಅಷ್ಟೇ. ನಮ್ಮನೆಯವರು ಗಾಬರಿಯಿಂದ ಅದನ್ನೆತ್ತಿಕೊಂಡು ಬಾಲ್ಕನಿಗೆ ಓಡಿದರು. ಕೆಳಗೆ ಎದುರುಮನೆಯವರು ಲಾರಿಯ ಮುಂದೆ ಬೂದುಗುಂಬಳಕಾಯಿ ಒಡೆದು ಸಾವಿರದ ಸರಕ್ಕೆ ಬೆಂಕಿ ಹಚ್ಚುತ್ತಿದ್ದರು.

"ಇದಕ್ಕೆ ಎಲ್ಲೂ ನೆಮ್ಮದಿ ಇಲ್ವಲ್ಲೇ" ಎಂದು ವಾಪಸು ತಂದು ಈಳಿಗೆಮಣೆಯ ಪಕ್ಕ ಇಟ್ಟರು. ಪ್ಲಗ್ ತೆಗೆದು ಮಂಗಳಾರತಿ ಮುಗಿಸಿದೆವು.